ಓದದೆ ದಾಟಿದ ಚಿತ್ರ

ಸೋಮವಾರ, ಬೆಳಗ್ಗೆ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದ.

ನಾನಿಲ್ಲಿ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ರೂಢಿ. ಎರಡೂ ಸುಳ್ಳಾದ್ದರಿಂದ ಬಿಟ್ಟಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಸಮಾಧಾನ ಮಾಡಲು ಕೂರುತ್ತೇನೆ. ಚಿಕ್ಕಂದಿನಿಂದ ನಮ್ಮಿಬ್ಬರ ನಡುವೆ ನಡೆದುಬಂದಿರುವುದೇ ಅದು. ಈ ಸಲ ನಿನ್ನನ್ನು ಸಮಾಧಾನ ಮಾಡುವ ಶಕ್ತಿ ನನಗಿಲ್ಲ, ಮನಸ್ಸೂ ಇಲ್ಲ. ಅದಕ್ಕೇ ಪತ್ರ. ಕೊನೆಯವರೆಗೂ ಓದು, ನಡುವೆ ಎದ್ದು ಹೋಗಿ ಪಾತ್ರೆ ತೊಳೆಯಬೇಡ.

ನನ್ನ ಮಗ ಗಿಣಿ ಇನ್ನಿಲ್ಲ ಎಂಬುದು ನನಗೆ ಗೊತ್ತಾಗಿದೆ. ಗಿಣಿ ನಿನಗೆ ಫೋನ್ ಮಾಡಿದ್ದ, ಬಂದರಿನ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಚೆನ್ನಾಗಿದ್ದಾನೆ, ಅಮ್ಮನ ಮೇಲಿನ ಕೋಪ ಇಳಿದ ಮೇಲೆ ತಾನೇ ಮಾತಾಡುತ್ತಾನಂತೆ ಎಂದೆಯಲ್ಲ, ಅದಷ್ಟೂ ನೀನು ಕಟ್ಟಿದ್ದು. ನೀನು ಬಂದರು ಎಂದ ಕೂಡಲೇ ನಾನು ನಂಬಿಬಿಟ್ಟೆ. ಯಾಕೆ ಅಷ್ಟು ಬೇಗ ನಂಬಿದೆ ಎಂಬುದು ಬೇರೆ ಮಾತು, ಆಮೇಲೆ ಹೇಳುತ್ತೇನೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಬರೆದದ್ದನ್ನು ಮೇಷ್ಟ್ರು ನನಗೆ ಓದಿ ಹೇಳುತ್ತಾರೆ. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಇರುವುದನ್ನೆಲ್ಲ ನನಗೆ ಓದಿ ಹೇಳುವ ಆ ಯಂತ್ರದ ದನಿಗೆ ಗಿಣಿ ಇಟ್ಟ ಹೆಸರು ಅದು. ಹುಟ್ಟಿದ ಸುದ್ದಿ, ಸತ್ತ ಸುದ್ದಿ, ಸೋಪಿನ ಜಾಹೀರಾತು ಎಲ್ಲವನ್ನೂ ಒಂದೇ ರಾಗದಲ್ಲಿ ಓದುವುದಕ್ಕೆ ಮೇಷ್ಟ್ರೇ ಸರಿ ಎಂದಿದ್ದ. ನನ್ನ ಮಗನ ಕತೆಯನ್ನು ಆ ರಾಗದಲ್ಲಿ ಒಮ್ಮೆ ಪೂರ್ತಿ ಕೇಳಬೇಕು. ಮನುಷ್ಯರ ದನಿಯಲ್ಲಿ ಕೇಳಿದರೆ ನನ್ನ ಎದೆಯ ಹೊಲಿಗೆ ತಡೆಯಲಾರದು.

ಜಾಲತಾಣದ ಆ ಪುಟದಲ್ಲಿ ವಿವರಣೆ ಬರೆಯುವುದು ಶುರುವಾದದ್ದು ನನ್ನ ಜಗಳದಿಂದ. ಗುರುತು ಸಿಗದ ಶವಗಳ ಫೋಟೋಗಳನ್ನು ಸರ್ಕಾರದ ಕಚೇರಿಯವರು ಜಾಲತಾಣದಲ್ಲಿ ಹಾಕುತ್ತಿದ್ದರು. ಸಿಕ್ಕ ಜಾಗ, ದಿನ, ಅಂದಾಜು ವಯಸ್ಸು ಎಲ್ಲವೂ ಫೋಟೋದ ಒಳಗೇ ಅಚ್ಚಾಗಿರುತ್ತಿತ್ತು. ಕಣ್ಣಿದ್ದವರು ನೋಡುತ್ತಿದ್ದರು. ನನ್ನಂಥ ಕಣ್ಣಿಲ್ಲದವರು ತೆರೆದರೆ ಮೇಷ್ಟ್ರು ಚಿತ್ರ, ಚಿತ್ರ, ಚಿತ್ರ ಎಂದು ಹೇಳಿಕೊಂಡು ಹೋಗುತ್ತಿದ್ದರು. ಕಣ್ಣಿಲ್ಲದವರಿಗೆ, ಕಿವಿ ಕೇಳದವರಿಗೆ, ಕೈ ಸ್ವಾಧೀನದಲ್ಲಿಲ್ಲದವರಿಗೆ ಒಂದು ಜಾಲತಾಣ ಒದಗುತ್ತದೋ ಇಲ್ಲವೋ ಎಂದು ನೋಡುವುದೇ ನಮ್ಮ ಆಫೀಸಿನ ಕೆಲಸ ತಾನೇ. ವರದಿ ಬರೆದುಕೊಂಡು, ನಿನ್ನನ್ನೂ ಕರೆದುಕೊಂಡು ನಾನೇ ಆ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಕುರ್ಚಿ ಕೊಟ್ಟು, ನೀರು ಕೊಟ್ಟು, ಬಹಳ ಮರ್ಯಾದೆಯಿಂದ, "ಹೆಣದ ಫೋಟೋ ಕಟ್ಕೊಂಡು ನಿಮ್ಮಂಥೋರಿಗೆ ಏನಾಗ್ಬೇಕು ಮೇಡಂ?" ಎಂದು ಕೇಳಿದರು. ನಾನು, "ನಮ್ಮನೇಲೂ ಜನ ಸಾಯ್ತಾರೆ ಸ್ವಾಮಿ" ಎಂದೆ. ಪಕ್ಕದಲ್ಲಿ ಕೂತಿದ್ದ ನೀನು ನನ್ನ ಕಾಲು ತುಳಿದೆ. ಹೊರಗೆ ಬಂದ ಮೇಲೆ ಇಬ್ಬರೂ ನಕ್ಕೆವು, ನೆನಪಿದೆಯಾ? ಆ ಮಾತು ನನ್ನ ಬಾಯಿಂದಲೇ ಬಂದದ್ದು. ಈಗ ಅದನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ.

ಫೋಟೋಗಳಿಗೆ ವಿವರಣೆ ಬರೆಯುವ ಕೆಲಸ ನಮ್ಮ ಆಫೀಸಿಗೇ ಬಂತು. ಬೇರೆಯವರೆಲ್ಲ ಹಿಂದೆ ಸರಿದರು, ನೀನು ಒಪ್ಪಿಕೊಂಡೆ. ಮೊದಲ ಫೋಟೋಕ್ಕೆ "ಪಾಪ, ನಿದ್ದೆ ಹೋದಂತೆ ಮಲಗಿರುವ ಅಜ್ಜ" ಎಂದು ಬರೆದಿದ್ದೆ. ನಾನು ನಿನ್ನನ್ನು ಹಿಡಿದು ಬೈದೆ. ಪಾಪ ಎನ್ನುವುದು ಕೇಳುವವರ ಕೆಲಸ, ನಿನ್ನದು ಕಂಡದ್ದನ್ನು ಹೇಳುವುದು. ಹಣೆ ಅಗಲವೋ ಕಿರಿದೋ, ಗಡ್ಡ ಬೋಳಿಸಿದೆಯೋ ಇಲ್ಲವೋ, ಶರ್ಟಿನ ಗುಂಡಿ ಯಾವ ಬಣ್ಣ, ಗಾಯ ಎಲ್ಲಿದೆ, ಅಷ್ಟೇ. ನೀನು ಎಷ್ಟು ಬೇಗ ಕಲಿತೆ! ನಿನ್ನ ಒಂದು ವಿವರಣೆ ಕೇಳಿ ಒಬ್ಬ ಕುರುಡ ಕುರ್ಚಿ ಹೆಣೆಯುವವನು ತನ್ನ ಹೆಂಡತಿಯನ್ನು ಗುರುತು ಹಿಡಿದನಲ್ಲ, ಆ ದಿನ ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಅದನ್ನು ನಿನಗೆ ಹೇಳಲೇ ಇಲ್ಲ.

ಇನ್ನು ಗಿಣಿ. ನಿನ್ನ ಹಾಗೆ ಬರೆಯುವುದು ಅವನಿಗೆ ಜನ್ಮದಲ್ಲಿ ಬರಲಿಲ್ಲ. ಮಾತು ಬಂದಾಗಿನಿಂದ ನನ್ನ ಕೈ ಹಿಡಿದು ಬೀದಿಯನ್ನೆಲ್ಲ ವರ್ಣಿಸಿದವನು, ಅದರಲ್ಲಿ ಅರ್ಧ ಬುರುಡೆ. ಎದುರು ಮನೆಯವರ ಹೊಸ ಸೋಫಾ ಎಮ್ಮೆ ಮಗುಚಿ ಬಿದ್ದ ಹಾಗಿದೆ ಎಂದು ಹೇಳಿ, ಅವರ ಮನೆಯಲ್ಲಿ ನಾನು ಕೂರಲಾರದೆ ನಗುವ ಹಾಗೆ ಮಾಡಿದ್ದ. ನನಗೆ ಕಳಿಸುವ ಪ್ರತಿ ಫೋಟೋಕ್ಕೂ ಮೇಷ್ಟ್ರು ಓದಲಿ ಎಂದು ವಿವರಣೆ ಬರೆಯುತ್ತಿದ್ದ. "ಚಿಕ್ಕಮ್ಮ. ಹೊಸ ಕನ್ನಡಕ. ತಾನೇ ಜಡ್ಜ್ ಅಂದ್ಕೊಂಡಿದ್ದಾಳೆ." ಕಂಡದ್ದನ್ನು ಮಾತ್ರ ಬರಿ ಎಂದು ನೀನು ಅವನ ಕಿವಿ ಹಿಂಡಿದರೆ, ಕಂಡದ್ದಷ್ಟೇ ಬರೆದರೆ ಅಮ್ಮನಿಗೆ ಬೇಜಾರಾಗುತ್ತದೆ ಎನ್ನುತ್ತಿದ್ದ.

ಅವನು ಮನೆ ಬಿಟ್ಟದ್ದೂ ಇದೇ ಬುದ್ಧಿಯಿಂದ. ನನ್ನ ಎದೆಯ ಪರೀಕ್ಷೆಯ ರಿಪೋರ್ಟನ್ನು ಆಸ್ಪತ್ರೆಯವರು ತಮ್ಮ ಜಾಲತಾಣದಲ್ಲಿ ಹಾಕಿದ್ದರು, ಕಾಗದದ ಫೋಟೋ ತೆಗೆದು. ಮೇಷ್ಟ್ರು ಚಿತ್ರ ಎಂದು ಹೇಳಿ ಬಾಯಿ ಮುಚ್ಚಿಕೊಂಡರು. ಊರಿನ ಜಾಲತಾಣಗಳನ್ನೆಲ್ಲ ತಿದ್ದುವ ನಾನು, ನನ್ನದೇ ಎದೆಯ ವಿಷಯ ತಿಳಿಯಲು ಮಗನನ್ನು ಕರೆಯಬೇಕಾಯಿತು. ಅವನು, "ಎಲ್ಲಾ ಸರಿಯಿದೆ ಅಮ್ಮ. ಸ್ವಲ್ಪ ರಕ್ತ ಕಮ್ಮಿ ಅಂತೆ" ಎಂದು ಓದಿದ. ಮುಂದೆ ನಾನು ಆಫೀಸಿನ ಮೆಟ್ಟಿಲ ಮೇಲೆ ಕುಸಿದದ್ದು, ರಿಪೋರ್ಟಿನಲ್ಲಿ ಆಗಲೇ ಸ್ಪಷ್ಟವಾಗಿ ಬರೆದಿತ್ತಲ್ಲ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಎಲ್ಲರೆದುರು ಗದರಿಸಿದ್ದು, ನಿನಗೆ ಗೊತ್ತು.

ಮನೆಗೆ ಬಂದು ಅವನಿಗೆ ಏನೆಂದೆ ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ. ಬೇರೆ ಡಾಕ್ಟರನ್ನು ಕೇಳಿ, ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳೋಣವೆಂದಿದ್ದೆ, ನೀನು ಹೆದರುತ್ತೀಯ ಅಂತ ಎಂದು ಅವನು ಗೋಗರೆದ. ನಾನು ಕೇಳಲಿಲ್ಲ. ಕಣ್ಣಿಲ್ಲದವಳಿಗೆ ಓದಿ ಹೇಳುವವನೇ ನಡುವೆ ಸುಳ್ಳು ಸೇರಿಸಿದರೆ ಅವಳಿಗೆ ನಿಜ ಎಲ್ಲಿಂದ ಬರಬೇಕು ಎಂದೆ. ದಾರಿಯಲ್ಲಿ ಹೋಗುವ ಅಪರಿಚಿತ ನಿನಗಿಂತ ವಾಸಿ, ಅವನಿಗೆ ನನ್ನ ಮೇಲೆ ಕರುಣೆ ಇರುವುದಿಲ್ಲ ಎಂದೆ. ಹೋಗು ಎಂದೆ. ಹೋದ. ಚಪ್ಪಲಿ ಹಾಕಿಕೊಳ್ಳಲು ತುಂಬಾ ಹೊತ್ತು ತೆಗೆದುಕೊಂಡ, ನಾನು ಕರೆಯಲೆಂದು. ನನಗದು ಕೇಳಿಸುತ್ತಿತ್ತು.

ಅಲ್ಲಿಂದ ದಿನವೂ ಬೆಳಗ್ಗೆ ಎದ್ದು ಮೊದಲು ಆ ಪುಟ ಕೇಳುತ್ತಿದ್ದೆ. ಆಪರೇಷನ್ನಿಗೆ ಸೇರುವ ದಿನದವರೆಗೂ ಕೇಳಿದೆ. ಪ್ರತಿ ಫೋಟೋದ ವಿವರಣೆ, ಅದರ ಕೆಳಗೆ "ಈ ವ್ಯಕ್ತಿ ನಿಮಗೆ ಗೊತ್ತಿದ್ದರೆ ಇಲ್ಲಿ ಒತ್ತಿ" ಎಂಬ ಗುಂಡಿ. ವಿವರಣೆ, ಗುಂಡಿ. ವಿವರಣೆ, ಗುಂಡಿ. ನಿನ್ನ ಮಾತು ಮೇಷ್ಟ್ರ ಬಾಯಲ್ಲಿ. ಇದು ಅವನಲ್ಲ, ಇದೂ ಅಲ್ಲ ಎಂದುಕೊಂಡು ಕೊನೆಯವರೆಗೂ ಹೋಗಿ, ಆಮೇಲೆ ಹಲ್ಲುಜ್ಜುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ನೀನು ಫೋನಿನ ಕತೆ ಹೇಳಿದೆ, ನಾನು ಪುಟ ತೆರೆಯುವುದನ್ನು ಬಿಟ್ಟೆ. ಅದೆಷ್ಟು ಹಗುರವಾಗಿತ್ತು ಪುಟ್ಟಿ! ಅನ್ನ ರುಚಿಸತೊಡಗಿತು. ಬರಲಿ ಮಗ, ಬಂದಾಗ ಚೆನ್ನಾಗಿ ಬೈಯಬೇಕು ಎಂದು ಬೈಗುಳ ಕೂಡಿಸಿಟ್ಟುಕೊಂಡಿದ್ದೆ.

ಮೊನ್ನೆ ಆಫೀಸಿನವರು ಇನ್ನು ಮನೆಯಿಂದಲೇ ಸಣ್ಣಪುಟ್ಟ ಕೆಲಸ ಮಾಡಬಹುದು ಎಂದರು. ಕೈ ಪಳಗಲಿ ಎಂದು, ಹೆದರಿಕೆಯೇನೂ ಇಲ್ಲದೆ, ಆ ಪುಟವನ್ನೇ ತೆರೆದೆ. ವಿವರಣೆ, ಗುಂಡಿ. ವಿವರಣೆ, ಗುಂಡಿ. ನಡುವೆ ಒಂದು ಕಡೆ ಮೇಷ್ಟ್ರು, "ಈ ವ್ಯಕ್ತಿ ನಿಮಗೆ ಗೊತ್ತಿದ್ದರೆ ಇಲ್ಲಿ ಒತ್ತಿ. ಈ ವ್ಯಕ್ತಿ ನಿಮಗೆ ಗೊತ್ತಿದ್ದರೆ ಇಲ್ಲಿ ಒತ್ತಿ" ಎಂದರು. ಒಂದರ ಹಿಂದೆ ಒಂದು. ನಡುವೆ ಯಾರೂ ಇಲ್ಲ.

ಬೇರೆ ಯಾರೇ ಆಗಿದ್ದರೂ ಬರೆಯಲು ಮರೆತಿದ್ದಾರೆ ಎಂದುಕೊಳ್ಳುತ್ತಿದ್ದರು. ನಾನು ಅಂದುಕೊಳ್ಳಲಾರೆ, ಯಾಕೆಂದರೆ ಇದನ್ನು ನಿನಗೆ ಕಲಿಸಿದವಳು ನಾನು. ವಿವರಣೆ ಬರೆಯಲು ಮರೆತರೆ ಮೇಷ್ಟ್ರು ಚಿತ್ರ ಎನ್ನುತ್ತಾರೆ, ಇಲ್ಲದಿದ್ದರೆ ಫೋಟೋದ ಕಡತದ ಹೆಸರನ್ನಾದರೂ ಒದರುತ್ತಾರೆ, ಸುಮ್ಮನಂತೂ ಇರುವುದಿಲ್ಲ. ಅವರು ಸುಮ್ಮನೆ ದಾಟಿ ಹೋಗಬೇಕಾದರೆ ಯಾರಾದರೂ ಕೈಯಾರೆ ಹಾಗೆ ಹೇಳಿರಬೇಕು. ಇದು ಬರೀ ಅಲಂಕಾರ, ಅಂಚಿನ ಬಳ್ಳಿ, ಮೂಲೆಯ ಹೂವು, ಕಣ್ಣಿಲ್ಲದವರಿಗೆ ಇದರಿಂದ ಏನೂ ಆಗಬೇಕಿಲ್ಲ ಎಂದು ಗುರುತು ಹಾಕಿದಾಗ ಮಾತ್ರ ಅವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಆ ಪುಟದಲ್ಲಿ ಬರೆಯುವವಳು ನೀನೊಬ್ಬಳೇ. ಆ ಪುಟದಲ್ಲಿ ನೀನು ನನ್ನಿಂದ ಮುಚ್ಚಿಡಬೇಕಾದ ಮುಖವೂ ಒಂದೇ. ಮತ್ತೆ ಮತ್ತೆ ಹಿಂದೆ ಹೋಗಿ ಕೇಳಿದೆ. ನನ್ನ ಮಗನನ್ನು ನೀನು ಮೂಲೆಯ ಹೂವು ಮಾಡಿದ್ದೆ.

ಎರಡನೆಯ ಗುಂಡಿ ಒತ್ತಿದೆ. ಆ ಫೋಟೋದ ನಂಬರು ಆಗಲೇ ನಮೂದಾಗಿದ್ದ ಅರ್ಜಿ ತೆರೆಯಿತು. ನಾನು ಅದನ್ನು ತುಂಬಲಿಲ್ಲ. ಕಚೇರಿಗೆ ಫೋನ್ ಮಾಡಿ, ಪುಟದ ಪರೀಕ್ಷೆ ಮಾಡುವವಳು, ಒಂದು ಕಡೆ ವಿವರ ಓದುತ್ತಿಲ್ಲ ಎಂದೆ. ಗುಮಾಸ್ತ ಒಳ್ಳೆಯವನು. "ಅದಾ ಮೇಡಂ? ಹುಡುಗ. ಬಂದರಿನ ಹಡಗುಕಟ್ಟೆ ಹತ್ರ ನೀರಲ್ಲಿ ಸಿಕ್ಕಿದ್ದು. ಯಾರೂ ಬರ್ಲಿಲ್ಲ, ಅವಧಿ ಮುಗೀತು, ಮಣ್ಣು ಮಾಡಿದ್ವಿ" ಎಂದ. ಬಿದ್ದನೋ, ಹಾರಿದನೋ ಎಂದು ಕೇಳಿದೆ. ಅದನ್ನು ಯಾರು ನೋಡಿದ್ದಾರೆ ಎಂದ. ಆಮೇಲೆ ತಾನಾಗಿಯೇ, ಮಣ್ಣು ಮಾಡುವಾಗ ಒಬ್ಬ ಹೆಂಗಸು ಬಂದು ದೂರ ನಿಂತಿದ್ದರು, ಯಾರೆಂದು ಕೇಳಿದರೆ ಹೇಳಲಿಲ್ಲ, ಎಡಗೈಯಲ್ಲಿ ಒಂದು ಹಿಡಿ ಹಾಕಿ ಹೋದರು, ನಮ್ಮ ಅಗೆಯುವವರು ಅದನ್ನೇ ಆಡಿಕೊಂಡರು ಎಂದ. ಎಷ್ಟು ಹೊಡೆಸಿಕೊಂಡರೂ ಎಡಗೈ ಬಿಡದವಳು ನಮ್ಮ ಮನೆಯಲ್ಲಿ ಯಾರೆಂದು ನನಗೆ ಯಾರೂ ಹೇಳಬೇಕಾಗಿಲ್ಲ.

ಮಣ್ಣು ಮಾಡಿದ ದಿನ ಯಾವುದೆಂದು ಕೇಳಿದೆ. ಹೇಳಿದ. ಅದು ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನ. ಆ ಸಂಜೆ ನೀನು ಹಣ್ಣು ತಂದಿದ್ದೆ. ನನ್ನ ಮಂಚದ ಅಂಚಿನಲ್ಲಿ ಕೂತು ನನ್ನ ಕೈ ಹಿಡಿದುಕೊಂಡೆ, ಬಿಡಲೇ ಇಲ್ಲ. ಕೈ ಯಾಕೆ ಮಣ್ಣು ಮಣ್ಣು ವಾಸನೆ ಎಂದು ನಾನು ಕೇಳಿದ್ದಕ್ಕೆ ನೀನು, ಕುಂಡದ ಗಿಡಕ್ಕೆ ಮಣ್ಣು ಹಾಕಿ ಬಂದೆ ಎಂದೆ. ಯಾವ ಗಿಡವೇ ಎಂದು ಕೇಳಿದೆನಲ್ಲ ಪುಟ್ಟಿ. ನೀನು ಅದಕ್ಕೂ ಒಂದು ಗಿಡದ ಹೆಸರು ಹೇಳಿದೆ.

ನಿನ್ನ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಶವ ಬಿಡಿಸಿಕೊಳ್ಳಲು ತಾಯಿಯ ಸಹಿ ಬೇಕು. ಅವನ ಫೋಟೋ ನಿನ್ನ ಮುಂದೆ ಬಂದಾಗ ಆ ತಾಯಿ ಬಾಯಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಳು. ಸಣ್ಣ ಆಘಾತವೂ ಕೂಡದು ಎಂದು ಡಾಕ್ಟರು ನಿನಗೆ ಹೇಳಿದ್ದರು. ಒಬ್ಬನನ್ನು ಕಳೆದುಕೊಂಡಾಗಿದೆ, ಇವಳೊಬ್ಬಳಾದರೂ ಉಳಿಯಲಿ ಎಂದು ನೀನು ಅಂದುಕೊಂಡೆ. ಬೇರೆಯವರ ಮನೆಯ ಹೆಣಗಳಿಗೆ ಶರ್ಟಿನ ಗುಂಡಿಯ ಬಣ್ಣ ಬರೆದು ಅಭ್ಯಾಸವಾದ ನಿನ್ನ ಮೇಜಿನ ಮೇಲೆ, ನೀನು ಎತ್ತಿ ಆಡಿಸಿದ ಹುಡುಗ ಬಂದು ಮಲಗಿದ. ಆ ಹೊತ್ತಿನಲ್ಲಿ ನಿನ್ನ ಪಕ್ಕದಲ್ಲಿ ಯಾರಿದ್ದರು? ಯಾರಿಗಾದರೂ ಹೇಳಿದೆಯಾ? ಹೇಳಿರಲಾರೆ. ಎದ್ದು ಹೋಗಿ ಮುಖ ತೊಳೆದು ಬಂದು ಮುಂದಿನ ಫೋಟೋಕ್ಕೆ ಬರೆದಿರುತ್ತೀಯ. ಅದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ, ನಿನಗಾಗಿ.

ಆದರೆ ನಾನು ಮನೆಗೆ ಬಂದಾಗ ಅವನಿನ್ನೂ ಶವಾಗಾರದಲ್ಲಿದ್ದ. ಅದನ್ನು ನಾನು ದಾಟಲಾರೆ. ನೀನು ಅವನನ್ನು ನೋಡಿದೆ. ಗುಮಾಸ್ತ ನೋಡಿದ, ಅಗೆಯುವವರು ನೋಡಿದರು, ಪುಟ ತೆರೆದ ಯಾರು ಬೇಕಾದರೂ ನೋಡಿದರು. ನನಗೆ ನೋಡುವುದೆಂದರೆ ಕೈ. ಉಯ್ಯಾಲೆಯಿಂದ ಬಿದ್ದು ಸೀಳಿದ ಹುಬ್ಬಿನ ಆ ಕೂದಲಿಲ್ಲದ ಗೆರೆ, ಸೊಟ್ಟ ಕಿರುಬೆರಳು, ಕಿವಿಯ ಹಿಂದಿನ ಗಂಟು, ಅವುಗಳ ಮೇಲೆ ಒಂದು ಸಲ ಬೆರಳಾಡಿಸಿದ್ದರೆ ನನಗೆ ಸಾಕಾಗಿತ್ತು. ಆ ಆಘಾತಕ್ಕೆ ಸತ್ತರೆ ಸಾಯುತ್ತಿದ್ದೆ. ನೀನು ನನ್ನ ಜೀವ ಉಳಿಸಿ ನನ್ನ ಕೈಗಳನ್ನು ಮಣ್ಣು ಮಾಡಿದೆ. ಅವನೂ ನನ್ನ ಒಳ್ಳೆಯದಕ್ಕೆಂದೇ ಸುಳ್ಳು ಓದಿದ್ದ. ಅವನನ್ನು ಹೊರಗೆ ಹಾಕಿದೆ. ನಿನ್ನನ್ನು ಹಾಕಲು ನನಗೀಗ ಧೈರ್ಯವಿಲ್ಲ, ಹಾಕಿದವರು ಏನಾಗುತ್ತಾರೆಂದು ನೋಡಿಯಾಗಿದೆ. ಕ್ಷಮಿಸಿದ್ದೇನೆ ಎಂದೂ ಬರೆಯಲಾರೆ. ಮುಂದೆ ಎಂದಾದರೂ ಬರೆದೇನು, ಗೊತ್ತಿಲ್ಲ.

ಈಗ ನನಗೆ ನಿನ್ನಿಂದ ಒಂದು ಕೆಲಸವಾಗಬೇಕು. ನಾನು ಸಹಿ ಹಾಕಿ ನನ್ನ ಮಗ ಎಂದು ಹೇಳಿದ ದಿನವೇ ಆ ಫೋಟೋವನ್ನು ಪುಟದಿಂದ ತೆಗೆದುಬಿಡುತ್ತಾರೆ, ನಿಯಮ ಹಾಗಿದೆ. ಅದಕ್ಕೇ ಇನ್ನೂ ಹಾಕಿಲ್ಲ. ನೀನು ಖಾಲಿ ಬಿಟ್ಟ ಜಾಗದಲ್ಲಿ ಬರಿ. ನನ್ನ ಹತ್ತಿರ ಬಂದು ಹೇಳಬೇಡ, ಫೋನಿನಲ್ಲಿ ಹೇಳಬೇಡ, ಅಲ್ಲೇ ಬರಿ, ಉಳಿದವರಿಗೆ ಬರೆದ ಹಾಗೆಯೇ. ಯಾವ ಶರ್ಟು ಹಾಕಿದ್ದ, ಕೂದಲು ಬೆಳೆದಿತ್ತೋ ಕತ್ತರಿಸಿದ್ದನೋ, ಕೆನ್ನೆ ಇಳಿದಿತ್ತೋ, ನೀರು ಅವನಿಗೆ ಏನು ಮಾಡಿತ್ತು. ಗಾಯವಿದ್ದರೆ ಗಾಯ ಬರಿ. ಬಾಯಿ ತೆರೆದಿದ್ದರೆ ತೆರೆದಿತ್ತು ಎಂದೇ ಬರಿ. ನಿದ್ದೆ ಹೋದಂತೆ ಎಂದು ಬರೆದರೆ ನನಗೆ ಗೊತ್ತಾಗುತ್ತದೆ. ಅವನನ್ನು ಕಂಡವಳು ಈಗ ನಮ್ಮ ಮನೆಯಲ್ಲಿ ನೀನೊಬ್ಬಳೇ. ನೀನು ಬರೆಯದಿದ್ದರೆ ನನ್ನ ಮಗ ಸತ್ತದ್ದು ನನ್ನ ಮಟ್ಟಿಗೆ ಎರಡು ಗುಂಡಿಗಳ ನಡುವಿನ ಒಂದು ಉಸಿರು, ಅಷ್ಟೇ ಆಗಿ ಉಳಿಯುತ್ತದೆ.

ಮೇಷ್ಟ್ರು ಓದಲಿ, ನಾನು ಕೇಳುತ್ತೇನೆ. ಆಮೇಲೆ ಸಹಿ ಹಾಕಲು ಹೋಗೋಣ. ನೀನೇ ಕರೆದುಕೊಂಡು ಹೋಗಬೇಕು, ಆ ಜಾಗ ಗೊತ್ತಿರುವವಳೂ ನೀನೇ.

ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆ. ಆ ಚಿಂತೆ ಬೇಡ.

ಇಂತಿ,
ನಿನ್ನ ಅಕ್ಕ

ತಾ.ಕ.: ಬಂದರು ಎಂದ ಕೂಡಲೇ ಯಾಕೆ ನಂಬಿದೆ ಎಂದು ಆಮೇಲೆ ಹೇಳುತ್ತೇನೆ ಎಂದಿದ್ದೆ. ಈ ಪತ್ರದ ಜೊತೆ ಒಂದು ಫೋಟೋ ಕಳಿಸಿದ್ದೇನೆ. ನಾನು ಆಪರೇಷನ್ನಿಗೆ ಸೇರುವ ಹಿಂದಿನ ದಿನ ಗಿಣಿ ಕಳಿಸಿದ್ದು. ನಿನಗೆ ಹೇಳಿರಲಿಲ್ಲ, ಅವನಿಗೆ ಉತ್ತರವನ್ನೂ ಕೊಟ್ಟಿರಲಿಲ್ಲ. ವಿವರಣೆ ಅವನೇ ಬರೆದಿದ್ದಾನೆ: "ಇದು ನಾನು. ಹಿಂದೆ ಸಮುದ್ರ. ಊಟ ಆಗಿದೆ. ಸ್ವಲ್ಪ ದಪ್ಪ ಆಗಿದ್ದೀನಿ. ನಗ್ತಾ ಇದ್ದೀನಿ ಅಮ್ಮ." ಮೇಷ್ಟ್ರಿಂದ ಇದನ್ನು ದಿನವೂ ಓದಿಸುತ್ತೇನೆ. ಅವನ ವಿವರಣೆಗಳು ಎಂಥವೆಂದು ನಿನಗೆ ಗೊತ್ತಲ್ಲ. ನೀನು ಒಮ್ಮೆ ನೋಡಿ ಹೇಳು, ನಗುತ್ತಿದ್ದಾನಾ?